ಬೆಂಗಳೂರಿನ ಸರಕಾರಿ ಶಾಲೆ ಯಾರ ಅಮಾನತ್ತು?

ವರ್ಷದ ಕೊನೆಯ ತಿಂಗಳುಗಳು ಬಂದೊಡನೆ ಬೆಂಗಳೂರಿನ ಟ್ಯಾನರಿ ರಸ್ತೆ, ಗೋರಿಪಾಳ್ಯ, ಪಾದರಾಯನಪುರ, ನೀಲಸಂದ್ರ, ತಿಲಕ್ ನಗರಗಳ ಓಣಿಗಳಲ್ಲಿ ಖಾಸಗಿ ಶಾಲೆಗಳ ಫ್ಲೆಕ್ಸುಗಳು ತೂಗಲಾರಂಭಿಸುತ್ತವೆ. ಇಂಗ್ಲಿಷ್ ಮಾಧ್ಯಮ, ಇಸ್ಲಾಮೀ ವಾತಾವರಣ, ನುರಿತ ಶಿಕ್ಷಕರು, ಕಂಪ್ಯೂಟರ್ ತರಗತಿ ಎಂಬ ಭರವಸೆಗಳು ಅವುಗಳ ಮೇಲೆ ಸಾಲುಗಟ್ಟಿರುತ್ತವೆ. ಅದೇ ಓಣಿಯ ತುದಿಯಲ್ಲಿ ನಮ್ಮೆಲ್ಲರ ತೆರಿಗೆಯ ಹಣದಿಂದ ನಡೆಯುವ ಒಂದು ಸರಕಾರಿ ಶಾಲೆಯೂ ಇರುತ್ತದೆ. ಅದಕ್ಕೆ ಫ್ಲೆಕ್ಸಿಲ್ಲ, ಅದರ ಪರವಾಗಿ ಮಾತನಾಡುವವರೂ ಇಲ್ಲ. ಅಲ್ಲಿ ಕಲಿಯುವ ಮಕ್ಕಳು ಯಾರವರೆಂದು ಕೇಳಿದರೆ ಗ್ಯಾರೇಜಿನಲ್ಲಿ ದುಡಿಯುವವರ, ತಳ್ಳುಗಾಡಿಯವರ, ಆಟೋ ಓಡಿಸುವವರ, ಮನೆಗೆಲಸಕ್ಕೆ ಹೋಗುವ ತಾಯಂದಿರ, ಗುಜರಿ ಆಯುವವರ ಮಕ್ಕಳೆಂಬ ಉತ್ತರ ಬರುತ್ತದೆ. ಅವರಲ್ಲಿ ಹಲವರು ನಮ್ಮ ಸಮುದಾಯದವರೇ ಆಗಿದ್ದಾರೆ.

ಈ ಶಾಲೆಯ ಬಗ್ಗೆ ಸಮುದಾಯದ ಗಣ್ಯರಲ್ಲಿ ಮಾತೆತ್ತಿದರೆ ಒಂದೇ ಉತ್ತರ ಸಿಗುತ್ತದೆ: ಅಲ್ಲಿ ಪಾಠ ನಡೆಯುವುದಿಲ್ಲ, ಆದ್ದರಿಂದ ನಾವು ನಮ್ಮದೇ ಶಾಲೆಗಳನ್ನು ಕಟ್ಟಿಕೊಳ್ಳಬೇಕು. ಈ ಉತ್ತರದ ಮೊದಲರ್ಧ ಅರ್ಧಸತ್ಯ, ಎರಡನೆಯದು ಅಪಾಯಕಾರಿ. ಸರಕಾರಿ ಶಾಲೆಯೆಂಬುದು ಬಡವನ ಹಕ್ಕು, ಎಲ್ಲರ ಕೈಯಲ್ಲಿರುವ ಅಮಾನತ್ತು. ಅದನ್ನು ಕೈಬಿಟ್ಟು ಕಟ್ಟುವ ಯಾವ ಶಾಲೆಯೂ ಸಮುದಾಯದ ಕಟ್ಟಕಡೆಯ ಮಗುವನ್ನು ತಲುಪಲಾರದು. ನಮ್ಮ ವಾದ ಇಷ್ಟೆ. ಇದಕ್ಕೆ ಆಧಾರಗಳೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ ಕಾನೂನು ಏನು ಹೇಳುತ್ತದೆಂದು ತಿಳಿಯಬೇಕು. 2002ರಲ್ಲಿ ಸಂವಿಧಾನಕ್ಕೆ ತಂದ 86ನೇ ತಿದ್ದುಪಡಿಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಅದೇ ತಿದ್ದುಪಡಿಯು ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದನ್ನು ಹೆತ್ತವರ ಮೂಲಭೂತ ಕರ್ತವ್ಯವೆಂದೂ ಸಾರಿತು. ಈ ಹಕ್ಕನ್ನು ಜಾರಿಗೆ ತರಲು 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ರೂಪುಗೊಂಡು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬಡ ಮಕ್ಕಳಿಗಾಗಿ ಅದರಲ್ಲಿ ಒಂದು ವಿಶೇಷ ಬಾಗಿಲನ್ನೂ ತೆರೆಯಲಾಯಿತು. ಅನುದಾನರಹಿತ ಖಾಸಗಿ ಶಾಲೆಗಳು ತಮ್ಮ ಆರಂಭಿಕ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ನೀಡಬೇಕು, ಅವರ ವೆಚ್ಚವನ್ನು ಸರಕಾರ ಭರಿಸಬೇಕು ಎಂಬುದೇ ಆ ಬಾಗಿಲು.

ಆ ಬಾಗಿಲು ಇಂದು ಬೆಂಗಳೂರಿನ ಬಡ ಮುಸ್ಲಿಮ್ ಮಗುವಿನ ಪಾಲಿಗೆ ಎರಡು ಕಡೆಯಿಂದಲೂ ಮುಚ್ಚಿದೆ. 2012ರಲ್ಲಿ ಸುಪ್ರೀಂ ಕೋರ್ಟ್ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. 2014ರಲ್ಲಿ ಸಂವಿಧಾನ ಪೀಠವು ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ಆ ವಿನಾಯಿತಿಯನ್ನು ವಿಸ್ತರಿಸಿತು. ಹೀಗಾಗಿ ಅಲ್ಪಸಂಖ್ಯಾತ ಸಂಸ್ಥೆಯೆಂಬ ಪ್ರಮಾಣಪತ್ರ ಪಡೆದ ನಮ್ಮದೇ ಸಮುದಾಯದ ಶಾಲೆಯು ನಮ್ಮದೇ ಬಡವನ ಮಗುವಿಗೆ ಈ ಕಾನೂನಿನ ಪ್ರಕಾರ ಸೀಟು ಕೊಡಬೇಕಾಗಿಲ್ಲ. ಅನಂತರ 2019ರಲ್ಲಿ ಕರ್ನಾಟಕ ಸರಕಾರವು ನಿಯಮಕ್ಕೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಸಿಗದು ಎಂದಿತು. ಸರಕಾರಿ ಶಾಲೆಯಿಲ್ಲದ ವಾರ್ಡು ಮಹಾನಗರದಲ್ಲಿ ಅಪರೂಪ. ಹಾಗಾಗಿ ಸೀಟುಗಳ ಸಂಖ್ಯೆ ಒಮ್ಮೆಲೇ ಕುಸಿಯಿತು.

ಇದರ ಅರ್ಥ ಬಹಳ ಸರಳ. ಶುಲ್ಕ ಕಟ್ಟಲಾರದ ಹೆತ್ತವರಿಗೆ ಈ ನಗರದಲ್ಲಿ ಉಳಿದಿರುವ ಬಹುತೇಕ ಏಕೈಕ ಬಾಗಿಲು ಸರಕಾರಿ ಶಾಲೆಯದ್ದು. ಆ ಬಾಗಿಲಿನ ಬಗ್ಗೆ ಸಮುದಾಯದ ನಾಯಕತ್ವ ಮೌನವಾಗಿದ್ದರೆ, ಅದು ಯಾರ ಬಗ್ಗೆ ಮೌನವಾಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸರಕಾರಿ ಶಾಲೆಯಲ್ಲಿ ಪಾಠ ನಡೆಯುವುದಿಲ್ಲ ಎಂಬ ಆರೋಪ. ಇದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಐದನೇ ತರಗತಿಗೆ ಬಂದರೂ ಒಂದು ಪುಟವನ್ನು ನಿರರ್ಗಳವಾಗಿ ಓದಲಾರದ ಮಕ್ಕಳು ಅಲ್ಲಿದ್ದಾರೆ. ಆದರೆ ಈ ಸ್ಥಿತಿ ಹೇಗೆ ಉಂಟಾಗುತ್ತದೆ ಎಂಬುದನ್ನು ತಿಳಿಯದೆ ದೂಷಿಸುವುದು ನ್ಯಾಯವಲ್ಲ. ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90 ಮಕ್ಕಳಿಗೆ ಮೂವರು, 91ರಿಂದ 120 ಮಕ್ಕಳಿಗೆ ನಾಲ್ವರು. ಅಂದರೆ ಶಿಕ್ಷಕರ ಸಂಖ್ಯೆಯನ್ನು ನಿರ್ಧರಿಸುವುದು ಮಕ್ಕಳ ಸಂಖ್ಯೆ. ನೂರು ಮಕ್ಕಳಿದ್ದ ಶಾಲೆಯಿಂದ ಐವತ್ತು ಮಂದಿ ಎದುರಿನ ಖಾಸಗಿ ಶಾಲೆಗೆ ಹೋದರೆಂದು ಭಾವಿಸಿರಿ. ಆಗ ನಾಲ್ವರು ಶಿಕ್ಷಕರಲ್ಲಿ ಇಬ್ಬರು ‘ಹೆಚ್ಚುವರಿ’ ಎನಿಸಿಕೊಂಡು ಬೇರೆಡೆಗೆ ಹೋಗಬೇಕಾಗುತ್ತದೆ. ಉಳಿದ ಇಬ್ಬರು ಐದು ತರಗತಿಗಳಿಗೆ, ಎಲ್ಲ ವಿಷಯಗಳನ್ನು ಕಲಿಸಬೇಕು. ಅವರಲ್ಲೊಬ್ಬರು ತರಬೇತಿಗೋ ಸಭೆಗೋ ಹೋದ ದಿನ ಇಡೀ ಶಾಲೆ ಒಬ್ಬರ ತಲೆಯ ಮೇಲೆ ಬೀಳುತ್ತದೆ. ಆಗ ಪಾಠ ಕುಸಿಯುತ್ತದೆ. ಪಾಠ ಕುಸಿಯಿತೆಂದು ಇನ್ನೂ ಇಪ್ಪತ್ತು ಮಕ್ಕಳು ಹೊರಡುತ್ತಾರೆ. ಕೊನೆಗೆ ಮಕ್ಕಳೇ ಇಲ್ಲವೆಂಬ ಕಾರಣ ನೀಡಿ ಶಾಲೆಯನ್ನು ಮತ್ತೊಂದರೊಡನೆ ವಿಲೀನಗೊಳಿಸಲಾಗುತ್ತದೆ. ಹಣವುಳ್ಳವನು ಮೊದಲು ಹೊರಟ, ಅವನ ಹಿಂದೆ ಅಲ್ಪಸ್ವಲ್ಪ ಇದ್ದವನು ಹೊರಟ, ಏನೂ ಇಲ್ಲದವನ ಪಾಲಿಗೆ ಬೀಗ ಹಾಕಿದ ಶಾಲೆ ಉಳಿಯಿತು.

ಈ ವಿಷಯದಲ್ಲಿ ಸರಕಾರವೂ ನಿರಪರಾಧಿಯಲ್ಲ. ಖಾಯಂ ಹುದ್ದೆಗಳನ್ನು ವರ್ಷಗಟ್ಟಲೆ ತುಂಬದೆ, ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರ ಮೇಲೆ ಶಾಲೆಗಳನ್ನು ನಡೆಸಲಾಗುತ್ತಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ನಿಯೋಜಿಸಬಾರದೆಂದು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳುಹಿಸಲಾಯಿತು. ಅದು ನಿಗದಿತ ಅವಧಿಯಲ್ಲಿ ಮುಗಿಯದಿದ್ದಾಗ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಅಗತ್ಯವನ್ನು ನಾವು ಪ್ರಶ್ನಿಸುತ್ತಿಲ್ಲ. ಹಿಂದುಳಿದವರ ಲೆಕ್ಕ ಹಾಕಲು ಹಿಂದುಳಿದವರ ಮಕ್ಕಳ ಪಾಠದ ದಿನಗಳನ್ನೇ ಬಳಸಿದ್ದನ್ನು ಪ್ರಶ್ನಿಸುತ್ತಿದ್ದೇವೆ. ಆದರೆ ಈ ಪ್ರಶ್ನೆಯನ್ನು ಅಧಿಕಾರದಲ್ಲಿರುವವರ ಮುಂದಿಡುವವರು ಯಾರು? ತಮ್ಮ ಮಕ್ಕಳು ಅಲ್ಲಿ ಕಲಿಯದ ಗಣ್ಯರಿಗೆ ಅದು ನೋವಿನ ವಿಷಯವೇ ಆಗುವುದಿಲ್ಲ.

ಈಗ ಎದುರಿನ ಖಾಸಗಿ ಶಾಲೆಯತ್ತ ನೋಡೋಣ. ಉತ್ತಮ ಖಾಸಗಿ ಶಾಲೆಗಳಿಲ್ಲವೆಂದು ನಾವು ಹೇಳುವುದಿಲ್ಲ. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ಮುಂದಿದ್ದದ್ದು ಹಿಂದುಳಿದ ಸಮುದಾಯವೊಂದನ್ನು ಮೇಲೆತ್ತುವ ಗುರಿ. ಅಂತಹ ಹಿರಿಯರ ಶ್ರಮಕ್ಕೆ ನಮ್ಮ ಗೌರವವಿದೆ. ನಾವು ಮಾತನಾಡುತ್ತಿರುವುದು ಎರಡಂತಸ್ತಿನ ಮನೆಯೊಂದನ್ನು ಬಾಡಿಗೆಗೆ ಪಡೆದು, ಆಟದ ಬಯಲಿಲ್ಲದೆ, ಸರಿಯಾದ ಮಾನ್ಯತೆಯೂ ಇಲ್ಲದೆ, ಪಿಯುಸಿ ಮುಗಿಸಿದ ಹೆಣ್ಣುಮಕ್ಕಳನ್ನು ಜುಜುಬಿ ಸಂಬಳಕ್ಕೆ ದುಡಿಸಿಕೊಂಡು ನಡೆಯುವ ಶಾಲೆಗಳ ಬಗ್ಗೆ. ಸರಕಾರಿ ಶಾಲೆಯ ಖಾಯಂ ಶಿಕ್ಷಕರು ಡಿಎಡ್ ಅಥವಾ ಬಿಎಡ್ ಪೂರೈಸಿ, ಅರ್ಹತಾ ಪರೀಕ್ಷೆ ಮತ್ತು ನೇಮಕಾತಿ ಪರೀಕ್ಷೆಗಳನ್ನು ದಾಟಿ ಬಂದವರು. ಕಡಿಮೆ ಶುಲ್ಕದ ಇಂಥ ಶಾಲೆಯಲ್ಲಿ ಕಲಿಸುವವರ ಅರ್ಹತೆಯನ್ನು ಎಷ್ಟು ಹೆತ್ತವರು ವಿಚಾರಿಸಿದ್ದಾರೆ? ಮಾನ್ಯತೆಯಿಲ್ಲದೆ ಶಾಲೆ ನಡೆಸುವುದು ಶಿಕ್ಷಣ ಹಕ್ಕು ಕಾಯ್ದೆಯಡಿ ದಂಡನಾರ್ಹವೆಂಬುದು ಎಷ್ಟು ಮಂದಿಗೆ ಗೊತ್ತಿದೆ?

ಲೆಕ್ಕವನ್ನೂ ಹಾಕೋಣ. ಒಂದು ಮಗುವಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಶುಲ್ಕವೆಂದು ಇಟ್ಟುಕೊಂಡರೆ ವರ್ಷಕ್ಕೆ 12 ಸಾವಿರ, ಇಬ್ಬರು ಮಕ್ಕಳಿಗೆ 24 ಸಾವಿರ, ಹತ್ತು ವರ್ಷಗಳಿಗೆ 2 ಲಕ್ಷ 40 ಸಾವಿರ. ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ ಇದರಲ್ಲಿ ಸೇರಿಲ್ಲ. ಸರಕಾರಿ ಶಾಲೆಯಲ್ಲಿ ಪಠ್ಯಪುಸ್ತಕವೂ ಸಮವಸ್ತ್ರವೂ ಉಚಿತ. ಮಧ್ಯಾಹ್ನದ ಬಿಸಿಯೂಟವಿದೆ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆ ಅಥವಾ ಬಾಳೆಹಣ್ಣಿದೆ. ದಿನಗೂಲಿಯವನು ಇವೆಲ್ಲವನ್ನು ಬಿಟ್ಟು ಸಾಲ ಮಾಡಿ ಶುಲ್ಕ ಕಟ್ಟುತ್ತಾನೆ. ಸಾಲ ತೀರದಿದ್ದಾಗ ಮೊದಲು ಮನೆಯಲ್ಲಿ ಉಳಿಯುವುದು ಹೆಣ್ಣುಮಗು, ಅನಂತರ ಗ್ಯಾರೇಜಿಗೆ ಹೋಗುವುದು ಗಂಡುಮಗು.

ಇಲ್ಲಿ ಝಕಾತಿನ ವಿಷಯವನ್ನೂ ಹೇಳಲೇಬೇಕಾಗಿದೆ. ರಮಝಾನಿನಲ್ಲಿ ಮಕ್ಕಳ ಶಾಲಾ ಶುಲ್ಕಕ್ಕಾಗಿ ಕೈಚಾಚುವ ತಾಯಂದಿರನ್ನು ಪ್ರತಿ ಮೊಹಲ್ಲಾದಲ್ಲಿಯೂ ಕಾಣಬಹುದು. ಧನಿಕನ ಕೈಯಿಂದ ಝಕಾತ್ ಬಡವಿಯ ಕೈ ಸೇರುತ್ತದೆ, ಬಡವಿಯ ಕೈಯಿಂದ ಶುಲ್ಕವಾಗಿ ಮತ್ತೊಬ್ಬ ಧನಿಕನ ಶಾಲೆಯ ಖಾತೆ ಸೇರುತ್ತದೆ. ಅವಳ ಕೈಯಲ್ಲಿ ಆ ಹಣ ಒಂದು ದಿನವೂ ನಿಲ್ಲುವುದಿಲ್ಲ. ಮರುವರ್ಷ ಅವಳು ಮತ್ತೆ ಅದೇ ಬಾಗಿಲಲ್ಲಿ ನಿಂತಿರುತ್ತಾಳೆ. ಝಕಾತಿನ ಉದ್ದೇಶ ಬೇಡುವವನನ್ನು ಬೇಡದ ಸ್ಥಿತಿಗೆ ತರುವುದು. ಉಚಿತ ಶಿಕ್ಷಣ ಮನೆಯ ಪಕ್ಕದಲ್ಲೇ ಇರುವಾಗ ಅದನ್ನು ಸರಿಪಡಿಸಲು ಒಂದು ಹೆಜ್ಜೆಯನ್ನೂ ಇಡದೆ, ಬಡವಿಯನ್ನು ವರ್ಷಕ್ಕೊಮ್ಮೆ ಬೇಡಲು ನಿಲ್ಲಿಸುವ ವ್ಯವಸ್ಥೆಗೆ ಸಮಾಜಸೇವೆಯೆಂದು ಹೆಸರಿಡಬಹುದೇ?

ಇಂಗ್ಲಿಷಿನ ಆಸೆ ಹೆತ್ತವರಲ್ಲಿರುವುದು ಸಹಜ. ಉದ್ಯೋಗದ ಮಾರುಕಟ್ಟೆಯಲ್ಲಿ ಅದರ ಬೆಲೆಯನ್ನು ಅವರು ಕಣ್ಣಾರೆ ಕಾಣುತ್ತಿದ್ದಾರೆ. ಆದರೆ ಫಲಕದ ಮೇಲಿರುವ ಇಂಗ್ಲಿಷ್ ತರಗತಿಯೊಳಗೂ ಇದೆಯೇ ಎಂದು ಕೇಳಬೇಕು. ಕಲಿಸುವವರಿಗೇ ಇಂಗ್ಲಿಷ್ ಬಾರದ ಶಾಲೆಯಲ್ಲಿ ಮಗು ಉತ್ತರವನ್ನು ಬಾಯಿಪಾಠ ಮಾಡುತ್ತದೆಯೇ ಹೊರತು ಭಾಷೆಯನ್ನು ಕಲಿಯುವುದಿಲ್ಲ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ ಮತ್ತು ತಮಿಳು, ಶಾಲೆಯಲ್ಲಿ ಅರ್ಥವಾಗದ ಇಂಗ್ಲಿಷ್. ಹೀಗೆ ಬೆಳೆದ ಮಗು ಯಾವ ಭಾಷೆಯಲ್ಲೂ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಲಾರದು. ಸರಕಾರವೂ 2019–20ರಿಂದ ಆಯ್ದ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೌಲಾನಾ ಆಜಾದ್ ಮಾದರಿ ಶಾಲೆಗಳು ಆರನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಉಚಿತವಾಗಿ ಕಲಿಸುತ್ತವೆ. ಇವು ತಮ್ಮ ಬಡಾವಣೆಯ ಸಮೀಪದಲ್ಲಿ ಎಲ್ಲಿವೆಯೆಂದು ಶುಕ್ರವಾರದ ಪ್ರಕಟಣೆಯಲ್ಲಿ ತಿಳಿಸಲು ಒಂದು ನಿಮಿಷ ಸಾಕು.

ಕನ್ನಡದ ಬಗ್ಗೆಯೂ ಒಂದು ಮಾತು. ಈ ನಾಡಿನ ಪಡಿತರ ಚೀಟಿ, ಪೊಲೀಸ್ ಠಾಣೆಯ ದೂರು, ಜಮೀನಿನ ಪಹಣಿ ಕನ್ನಡದಲ್ಲಿರುತ್ತವೆ. ಪೊಲೀಸ್ ಪೇದೆಯ ಹುದ್ದೆಗೂ ಶಾಲಾ ಶಿಕ್ಷಕನ ಹುದ್ದೆಗೂ ಕನ್ನಡ ಬೇಕು. ಕನ್ನಡ ಓದಲು ಬಾರದ ಬೆಂಗಳೂರಿನ ಮುಸ್ಲಿಮ್ ಯುವಕನು ತನ್ನ ವಿರುದ್ಧದ ದೂರಿನಲ್ಲಿ ಏನು ಬರೆದಿದೆಯೆಂದು ತಿಳಿಯದೆಯೇ ಸಹಿ ಹಾಕುತ್ತಾನೆ. ಉರ್ದು ನಮ್ಮ ಮನೆಯ ಸಂಪತ್ತು, ಅದನ್ನು ಉಳಿಸಿಕೊಳ್ಳಲೇಬೇಕು. ಆದರೆ ಏಳನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಕಲಿತ ಹೆಣ್ಣುಮಗುವಿಗೆ ಹತ್ತಿರದಲ್ಲಿ ಉರ್ದು ಪ್ರೌಢಶಾಲೆಯೂ ಇಲ್ಲದೆ, ಕನ್ನಡ ಪ್ರೌಢಶಾಲೆಗೆ ಸೇರುವಷ್ಟು ಕನ್ನಡವೂ ಇಲ್ಲದೆ ಹೋದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಉರ್ದು ಶಾಲೆಯಲ್ಲಿ ಒಳ್ಳೆಯ ಕನ್ನಡ ಶಿಕ್ಷಕರಿರಬೇಕೆಂದು ಒತ್ತಾಯಿಸುವುದು ಉರ್ದುವಿಗೆ ಬಗೆಯುವ ದ್ರೋಹವಲ್ಲ. ಅದು ಉರ್ದು ಕಲಿತ ಮಗುವಿಗೆ ತೋರುವ ಕರುಣೆ.

ಇನ್ನೊಂದು ಕಡೆ, ಶಾಲೆಯೇ ಬೇಡ, ಮದ್ರಸ ಸಾಕು ಎನ್ನುವವರಿದ್ದಾರೆ. ಅವರ ಸಂಖ್ಯೆ ದೊಡ್ಡದಲ್ಲ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಮಾತ್ರ ಕಲಿಯುವವರು ಶೇ. 3ರಿಂದ 4ರಷ್ಟು. ಅದೇ ವರದಿಯು 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆ ಎಂದಿತ್ತು. ಆದ್ದರಿಂದ ಸಮುದಾಯದ ಹಿಂದುಳಿಯುವಿಕೆಗೆ ಮದ್ರಸವನ್ನು ಹೊಣೆಯಾಗಿಸುವ ಟಿವಿ ಚರ್ಚೆಗಳು ಸುಳ್ಳು. ಬಡತನ ಮತ್ತು ಸಮೀಪದಲ್ಲೊಂದು ಒಳ್ಳೆಯ ಸರಕಾರಿ ಶಾಲೆಯ ಅಭಾವ ನಿಜವಾದ ಕಾರಣಗಳು. ಹಾಗೆಂದು ಮದ್ರಸದಲ್ಲೇ ಕಲಿತು ಬಂದ ನಾವು ಒಂದು ಮಾತನ್ನು ಹೇಳದಿದ್ದರೆ ಅದು ಅಪ್ರಾಮಾಣಿಕತೆಯಾದೀತು. ಒಂಬತ್ತು ವರ್ಷದ ಮಗುವನ್ನು ಹಿಫ್ಝ್‌ಗಾಗಿ ಶಾಲೆಯಿಂದ ಬಿಡಿಸಿ, ಮೂರು ವರ್ಷಗಳ ಬಳಿಕ ಎಲ್ಲಿಗೂ ಸೇರಿಸದೆ ಬಿಡುವುದು ಧರ್ಮದ ಬೇಡಿಕೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆಯು ಮದ್ರಸಗಳಿಗೆ ಅನ್ವಯಿಸದೆಂದು 2012ರ ತಿದ್ದುಪಡಿ ಹೇಳುತ್ತದೆ, ನಿಜ. ಅದರಿಂದ ಸಂಸ್ಥೆಗೆ ವಿನಾಯಿತಿ ಸಿಕ್ಕಿತು, ಮಗುವಿನ ಹಕ್ಕು ಹೋಗಲಿಲ್ಲ. ಕಾಯ್ದೆಯ 4ನೇ ಸೆಕ್ಷನಿನ ಪ್ರಕಾರ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹಿಫ್ಝ್ ಮುಗಿಸಿದ ಮಗುವಿಗೆ ಈ ದಾರಿ ತೆರೆದಿದೆಯೆಂದು ಹೆತ್ತವರಿಗೆ ತಿಳಿಸುವುದು ಉಸ್ತಾದರ ಹೊಣೆ.

ಕರಾವಳಿಯನ್ನೂ ಕೇರಳವನ್ನೂ ನೋಡಿರಿ. ಅಲ್ಲಿ ಮಕ್ಕಳು ಬೆಳಿಗ್ಗೆ ಮದ್ರಸಕ್ಕೆ ಹೋಗಿ, ಅಲ್ಲಿಂದ ಶಾಲೆಗೆ ಹೋಗುವ ಕ್ರಮ ದಶಕಗಳಿಂದ ನಡೆದುಬಂದಿದೆ. ಮದ್ರಸದ ಗಂಟೆ ಮತ್ತು ಶಾಲೆಯ ಗಂಟೆ ಒಂದಕ್ಕೊಂದು ಶತ್ರುಗಳಲ್ಲವೆಂಬುದನ್ನು ಸಾಮಾನ್ಯ ಜನರು ಬದುಕಿ ತೋರಿಸಿದ್ದಾರೆ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಂ ಆಜಾದರು ಸಾಂಪ್ರದಾಯಿಕ ಇಸ್ಲಾಮೀ ಪಠ್ಯಕ್ರಮವನ್ನು ಮನೆಯಲ್ಲೇ ಕಲಿತವರು, ಕುರ್‌ಆನಿನ ವ್ಯಾಖ್ಯಾನಕಾರರು. ದೇಶಕ್ಕೆಲ್ಲ ಶಾಲೆ ಬೇಕೆಂಬ ಅವರ ಹಂಬಲಕ್ಕೆ ಅವರ ವಿದ್ವತ್ತು ಅಡ್ಡಿಯಾಗಲಿಲ್ಲ.

ಧಾರ್ಮಿಕ ಆಕ್ಷೇಪವೊಂದಿದೆ. ಸರಕಾರಿ ಶಾಲೆಯಲ್ಲಿ ಕಲಿಸುವವರು ನಮ್ಮವರಲ್ಲ, ಮಗುವಿನ ಈಮಾನ್ ಏನಾದೀತು ಎಂದು ಕೆಲವರು ಕೇಳುತ್ತಾರೆ. ಇತಿಹಾಸ ಇದಕ್ಕೆ ಉತ್ತರಿಸಿದೆ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಓದುಬರಹ ಬಲ್ಲವರು ಮದೀನದ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಹೊಂದಬಹುದೆಂದು ಪ್ರವಾದಿ ಮುಹಮ್ಮದ್(ಸ) ಅವರು ಅನುಮತಿಸಿದ್ದನ್ನು ವರದಿಗಳು ತಿಳಿಸುತ್ತವೆ. ಆ ಶಿಕ್ಷಕರು ಮುಸ್ಲಿಮರಾಗಿರಲಿಲ್ಲ, ನಿನ್ನೆಯವರೆಗೆ ಖಡ್ಗ ಹಿಡಿದು ಎದುರು ನಿಂತವರಾಗಿದ್ದರು. ಝೈದ್ ಬಿನ್ ಸಾಬಿತ್(ರ) ಅವರು ಪ್ರವಾದಿಯವರ(ಸ) ಆದೇಶದಂತೆ ಯಹೂದಿಯರ ಲಿಪಿಯನ್ನು ಕಲಿತರು. ಅಕ್ಷರವನ್ನು ಯಾರಿಂದಲಾದರೂ ಕಲಿಯಬಹುದೆಂಬ ಆತ್ಮವಿಶ್ವಾಸ ಆ ಮೊದಲ ಪೀಳಿಗೆಗಿತ್ತು. ಮನೆಯಲ್ಲಿ ಈಮಾನಿನ ಬೇರು ಗಟ್ಟಿಯಾಗಿದ್ದರೆ ಗಣಿತದ ಪಾಠದಿಂದ ಅದು ಅಲುಗಾಡುವುದಿಲ್ಲ. ಶಾಲೆಯಲ್ಲಿ ಧಾರ್ಮಿಕ ಹೇರಿಕೆ ನಡೆದರೆ ಅದಕ್ಕೂ ಉತ್ತರವಿದೆ. ಸಂಪೂರ್ಣ ಸರಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆ ವಿಧಿಯನ್ನು ನೆನಪಿಸಲು ಪೋಷಕರು ಶಾಲೆಯ ಒಳಗಿರಬೇಕಾಗುತ್ತದೆ.

ಹಿಜಾಬಿನ ನೋವನ್ನು ನಾವು ಮರೆತಿಲ್ಲ. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪು, ಇವುಗಳ ನಡುವೆ ಸಿಲುಕಿದ್ದು ನಮ್ಮ ಹೆಣ್ಣುಮಕ್ಕಳ ಓದು. ಕಾಲೇಜಿನ ಗೇಟಿನಲ್ಲಿ ತಡೆಯಲ್ಪಟ್ಟ ಮಗಳ ತಂದೆಗೆ ಸರಕಾರಿ ಸಂಸ್ಥೆಯ ಮೇಲೆ ಭರವಸೆ ಇಡಿರೆಂದು ಹೇಳುವುದು ಸುಲಭವಲ್ಲ. ಆದರೆ ಆ ಹುಡುಗಿಯರು ಕೇಳಿದ್ದೇನು? ನಮ್ಮನ್ನು ಬೇರೆ ಕಾಲೇಜಿಗೆ ಕಳುಹಿಸಿರೆಂದು ಅವರು ಕೇಳಲಿಲ್ಲ. ಇದು ನಮ್ಮ ತರಗತಿ, ನಮ್ಮನ್ನು ಒಳಗೆ ಬಿಡಿರೆಂದು ಕೇಳಿದರು. ಸಾರ್ವಜನಿಕ ಶಿಕ್ಷಣ ತಮ್ಮದೆಂದು ಅವರು ಗಟ್ಟಿಯಾಗಿ ಹೇಳಿದ್ದನ್ನು ಹಿರಿಯರಾದವರು ಅರ್ಥಮಾಡಿಕೊಳ್ಳಬೇಕು. ನಾವೇ ಶಾಲೆಯಿಂದ ಹೊರನಡೆದರೆ ನಮ್ಮನ್ನು ಹೊರಗಿಡಬಯಸುವವರ ಕೆಲಸ ಹಗುರವಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಸರಕಾರಿ ಶಾಲೆಯ ಚಾವಿ ಬಹುಮಟ್ಟಿಗೆ ಪೋಷಕರ ಕೈಯಲ್ಲೇ ಇದೆ. ಕರ್ನಾಟಕದಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನದ ಬಳಕೆಯನ್ನು ನೋಡುವುದು, ಶಿಕ್ಷಕರ ಹಾಜರಾತಿ ಮತ್ತು ಬಿಸಿಯೂಟವನ್ನು ಗಮನಿಸುವುದು ಈ ಸಮಿತಿಯ ಅಧಿಕಾರ. ಖಾಸಗಿ ಶಾಲೆಯ ಗೇಟಿನಾಚೆ ಕಾಲಿಡಲು ಅನುಮತಿ ಬೇಡುವ ತಾಯಿಗೆ ಸರಕಾರಿ ಶಾಲೆಯಲ್ಲಿ ಕಾನೂನು ಕುರ್ಚಿಯನ್ನೇ ಹಾಕಿಕೊಟ್ಟಿದೆ. ಮಸ್ಜಿದ್ ಕಮಿಟಿಯ ಚುನಾವಣೆಗೆ ವಕ್ಫ್ ಮಂಡಳಿಯವರೆಗೆ ದೂರು ಒಯ್ಯುವ ಉತ್ಸಾಹಿಗಳು, ಮನೆಯ ಪಕ್ಕದ ಎಸ್‌ಡಿಎಂಸಿಯ ಅಧ್ಯಕ್ಷರು ಯಾರೆಂದು ಕೇಳಿದರೆ ಮುಖ ನೋಡುತ್ತಾರೆ.

ಸಮಿತಿಗೆ ಬಂದ ತಾಯಿ ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು? ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಿದೆಯೇ, ಅದರಲ್ಲಿ ನೀರು ಬರುತ್ತದೆಯೇ? ಮೂರನೇ ತರಗತಿಯ ಪ್ರತಿ ಮಗು ಓದಬಲ್ಲದೇ? ಉತ್ತರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಬೇಕು, ಅಲ್ಲಿಯೂ ಆಗದಿದ್ದರೆ ಉಪನಿರ್ದೇಶಕರಿಗೆ, ಅದರಾಚೆಗೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಪದವೀಧರ ಯುವಕನೊಬ್ಬ ಈ ಅರ್ಜಿಗಳನ್ನು ಬರೆದುಕೊಡುವ ಹೊಣೆ ಹೊತ್ತರೂ ಒಂದು ಶಾಲೆಯ ಸ್ಥಿತಿ ಬದಲಾಗತೊಡಗುತ್ತದೆ.

ಧನಿಕರಿಗೆ ಒಂದು ಉದಾಹರಣೆಯಿದೆ. ಕೋಝಿಕ್ಕೋಡಿನ ನಡಕ್ಕಾವಿನಲ್ಲಿರುವ ಸರಕಾರಿ ಹೆಣ್ಣುಮಕ್ಕಳ ಶಾಲೆಯನ್ನು ಫೈಝಲ್ ಮತ್ತು ಶಬಾನ ಪ್ರತಿಷ್ಠಾನವು ಆ ಕ್ಷೇತ್ರದ ಶಾಸಕರ ಯೋಜನೆಯೊಡನೆ ಕೈಜೋಡಿಸಿ ಹೊಸದಾಗಿ ಕಟ್ಟಿಸಿತು. ಆ ಉದ್ಯಮಿ ದಂಪತಿ ಅದೇ ಹಣದಲ್ಲಿ ತಮ್ಮ ಹೆಸರಿನ ಖಾಸಗಿ ಶಾಲೆಯನ್ನು ಕಟ್ಟಬಹುದಿತ್ತು. ಅವರು ಸರಕಾರಿ ಶಾಲೆಯನ್ನೇ ಆರಿಸಿದರು, ಅದು ಸರಕಾರಿ ಶಾಲೆಯಾಗಿಯೇ ಉಳಿಯಿತು, ಎಲ್ಲ ಧರ್ಮದ ಹೆಣ್ಣುಮಕ್ಕಳು ಅಲ್ಲಿ ಕಲಿಯುತ್ತಿದ್ದಾರೆ. ಬೆಂಗಳೂರಿನ ನಮ್ಮ ಉದ್ಯಮಿಗಳಿಗೆ ಇದು ಅಸಾಧ್ಯವೇ? ಸದಕ ಜಾರಿಯದ ಬಗ್ಗೆ ಉಪನ್ಯಾಸ ಕೇಳಿ ಬಾವಿ ತೋಡಿಸುವವರು, ಶಾಲೆಯೊಂದಕ್ಕೆ ಗ್ರಂಥಾಲಯವನ್ನೋ ಶೌಚಾಲಯವನ್ನೋ ಕಟ್ಟಿಸಿಕೊಟ್ಟರೆ ಅದರ ಪುಣ್ಯ ಬತ್ತುವುದೇ?

ಮಸ್ಜಿದ್ ಕಮಿಟಿಗಳಿಗೂ ಉಲಮಾಗಳಿಗೂ ನಮ್ಮ ವಿನಂತಿ ಇದು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಜಮಾಅತಿನ ಪ್ರತಿ ಮನೆಗೆ ಹೋಗಿ 6ರಿಂದ 14 ವರ್ಷದ ಯಾವ ಮಗು ಶಾಲೆಯ ಹೊರಗಿದೆಯೆಂದು ಪಟ್ಟಿ ಮಾಡಿರಿ. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಹೆತ್ತವರಿಗೆ ಹೇಳಿರಿ. ಮದ್ರಸದ ವೇಳೆಯನ್ನು ಶಾಲೆಯ ವೇಳೆಗೆ ಹೊಂದಿಸಿರಿ. ಮಗ್ರಿಬಿನ ಬಳಿಕ ಮಸ್ಜಿದಿನ ಸಭಾಂಗಣದ ದೀಪವನ್ನು ಆರಿಸದೆ, ಕಾಲೇಜು ವಿದ್ಯಾರ್ಥಿಗಳಿಂದ ಚಿಕ್ಕ ಮಕ್ಕಳಿಗೆ ಒಂದು ಗಂಟೆ ಕನ್ನಡ ಮತ್ತು ಗಣಿತ ಹೇಳಿಸಿರಿ. ಪ್ರವಾದಿಯವರ(ಸ) ಮಸ್ಜಿದಿನಲ್ಲಿ ಬಡವರು ಉಳಿದು ಕಲಿಯುತ್ತಿದ್ದ ಸುಫ್ಫಾ ಇತ್ತೆಂಬುದನ್ನು ಖುತ್ಬಾದಲ್ಲಿ ವರ್ಣಿಸುವ ನಾವು, ನಮ್ಮ ಮಸ್ಜಿದಿನ ನೆರಳಿನಲ್ಲೇ ಅಕ್ಷರವಿಲ್ಲದೆ ಬೆಳೆಯುವ ಮಗುವಿನ ಹೆಸರನ್ನಾದರೂ ತಿಳಿದಿರಬೇಡವೇ?

ಕೊನೆಯದಾಗಿ, ಅನುಕೂಲವುಳ್ಳ ಹೆತ್ತವರಿಗೆ. ನಿಮ್ಮ ಮಕ್ಕಳನ್ನು ಎಲ್ಲಿ ಓದಿಸಬೇಕೆಂಬುದು ನಿಮ್ಮ ಆಯ್ಕೆ. ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ನೆರೆಯವನು ಹಸಿದಿರುವಾಗ ಹೊಟ್ಟೆತುಂಬ ಉಣ್ಣುವವನ ಬಗ್ಗೆ ನಮ್ಮ ಧರ್ಮ ಏನು ಹೇಳಿದೆಯೆಂಬುದು ನಿಮಗೆ ತಿಳಿದಿದೆ. ಹಸಿವು ಅನ್ನದ್ದೊಂದೇ ಅಲ್ಲ. ನಿಮ್ಮ ಮಗು ವ್ಯಾನಿನಲ್ಲಿ ಕುಳಿತು ಹೋಗುವ ದಾರಿಯಲ್ಲಿಯೇ ಆ ಸರಕಾರಿ ಶಾಲೆಯಿದೆ. ಅದರ ಗೇಟಿನೊಳಗೆ ಹೋಗಿ ಮುಖ್ಯ ಶಿಕ್ಷಕರನ್ನು ಮಾತನಾಡಿಸಲು ಅರ್ಧ ದಿನದ ರಜೆ ಸಾಕು. ಅಲ್ಲಿರುವ ಮಕ್ಕಳು ಅಲ್ಲಾಹನು ನಮ್ಮೆಲ್ಲರ ಕೈಗೆ ಒಪ್ಪಿಸಿದ ಅಮಾನತ್ತು. ನಮ್ಮ ಮಕ್ಕಳ ಬಗ್ಗೆ ಹೇಗೋ ಹಾಗೆಯೇ ಅವರ ಬಗ್ಗೆಯೂ ನಾಳೆ ನಾವು ಉತ್ತರಿಸಬೇಕಾಗಿದೆ. ಆ ದಿನ ಉತ್ತರಕ್ಕಾಗಿ ತಡಕಾಡದಂತೆ ಅಲ್ಲಾಹನು ನಮ್ಮೆಲ್ಲರಿಗೂ ಇಂದೇ ಎಚ್ಚರವನ್ನು ದಯಪಾಲಿಸಲಿ, ಆಮೀನ್.